ಚಾಕುವಿನ ಕೊರಳಲ್ಲಿ ಎರಡು ಕಣ್ಣು

ಬೆಳಕು ಇನ್ನೂ ಕಿಟಕಿಯ ಹೊರಗೇ ನಿಂತಿದೆ, ಒಳಗೆ ಬರಬಹುದೇ ಎಂದು ಸಂಕೋಚದಿಂದ ಕೇಳುವ ನೆಂಟನ ಹಾಗೆ. ಅರದಕ್ಕ ಆಗಲೇ ಸ್ಟೂಲಿನ ಮೇಲೆ ಕೂತಾಗಿದೆ. ಬೆಂಚಿಗೆ ಬಿಗಿದ ವೈಸಿನ ಬಾಯಿಗೆ ಹೆಬ್ಬೆರಳಿನಷ್ಟು ಬಿಳಿ ಲೋಹ ಕಚ್ಚಿಸಿ, ಅರವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ತಳ್ಳುತ್ತಾರೆ, ಎತ್ತುತ್ತಾರೆ, ಹಿಂದಕ್ಕೆ ತಂದು ಮತ್ತೆ ತಳ್ಳುತ್ತಾರೆ. ತಳ್ಳುವಾಗ ಸದ್ದು, ಎತ್ತುವಾಗ ಮೌನ. ಅದಕ್ಕೆ ಸರಿಯಾಗಿ ತುಟಿ ಆಡುತ್ತಿದೆ. ತಾಯಿ ದಿನಾ ಬೆಳಿಗ್ಗೆ ರಾಗವಾಗಿ ಓದುತ್ತಿದ್ದ ಪದ್ಯಗಳು ಇವರಿಗೆ ಪುಸ್ತಕದಿಂದ ಬಂದವಲ್ಲ, ಕಿವಿಯಿಂದ ಬಂದವು. ಅರ ಮುಂದೆ ಹೋಗುವಾಗ ಒಂದು ಪದ, ಹಿಂದೆ ಬರುವಾಗ ಒಂದು ಉಸಿರು. ಪದ್ಯ ಮುಗಿಯುವಷ್ಟರಲ್ಲಿ ಲೋಹದ ಒಂದು ಅಂಚು ನುಣುಪಾಗಿರುತ್ತದೆ.

"ಅರ ಹೋಗ್ತಾ ಮಾತ್ರ ಕಡಿಯುತ್ತೆ," ಎನ್ನುತ್ತಾರೆ ತಲೆ ಎತ್ತದೆ. "ಬರ್ತಾನೂ ಉಜ್ಜಿದ್ರೆ ಅದರ ಹಲ್ಲು ಹೋಗುತ್ತೆ. ಅಮ್ಮನ ಪದ್ಯ ಇದ್ರೆ ಎತ್ತೋದು ಮರೆಯಲ್ಲ. ಉಸಿರು ತಗೋಬೇಕಲ್ಲ, ಆಗ ಕೈ ತಾನಾಗೇ ಏಳುತ್ತೆ."

ಅಡುಗೆಮನೆಯ ಒಳ್ಳೆಯ ಚಾಕುವನ್ನು ಕೈಗೆ ತೆಗೆದುಕೊಂಡು ನೋಡಿ. ಅಲಗು ಮುಗಿದು ಮರದ ಹಿಡಿ ಶುರುವಾಗುವ ಜಾಗದಲ್ಲಿ ಲೋಹದ ಒಂದು ಪಟ್ಟಿ ಇರುತ್ತದೆ. ಹಿಡಿ ಸಡಿಲವಾಗದಂತೆ, ನೀರು ಒಳಗೆ ಇಳಿಯದಂತೆ, ಬೆರಳು ಜಾರಿ ಅಲಗಿನ ಮೇಲೆ ಹೋಗದಂತೆ ಕಾಯುವುದು ಅದೇ. ಈ ಬೀದಿಯಲ್ಲಿ ಅದಕ್ಕೆ ಕೊರಳು ಎನ್ನುತ್ತಾರೆ. ಚಾಕು ಕೊಳ್ಳುವವರು ಅಲಗಿನ ಹರಿತ ನೋಡುತ್ತಾರೆ, ಹಿಡಿಯ ಮರ ಯಾವುದೆಂದು ಕೇಳುತ್ತಾರೆ, ಕೊರಳನ್ನು ಕೇಳಿದವರಿಲ್ಲ. ಆ ಕೊರಳುಗಳನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಾಡುತ್ತಾ ಬಂದಿರುವವರು ಇವರು. ಅಲಗಿನ ಮೇಲೆ ಅಣ್ಣನ ಮುದ್ರೆ ಇದೆ, ಒಂದು ಪುಟ್ಟ ನಕ್ಷತ್ರ. ತಂಗಿಯ ಗುರುತು ಎಲ್ಲೂ ಇಲ್ಲ. ಬೀದಿಯ ಜನ ಮಾತ್ರ ಅರದ ಸದ್ದು ಕೇಳಿ ಕೇಳಿ ಅರದಕ್ಕ ಎಂದು ಕರೆದು, ಆ ಹೆಸರನ್ನೇ ಉಳಿಸಿಬಿಟ್ಟಿದ್ದಾರೆ.

ಇವತ್ತು ಬೆಂಚಿನ ಮೂಲೆಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಚಾಕು ಇದೆ. ಅರದಕ್ಕ ಅದರ ಕಡೆ ನೋಡುತ್ತಿಲ್ಲ. ನೋಡದೆ ಇರುವುದಕ್ಕೂ ಕಷ್ಟಪಡಬೇಕು ಎಂಬುದು ಅವರ ಕತ್ತಿನ ಬಿಗುವಿನಲ್ಲೇ ತಿಳಿಯುತ್ತದೆ.

ನಿನ್ನೆ ಮಧ್ಯಾಹ್ನ ಅದು ವಾಪಸ್ಸು ಬಂತು. ತಂದವರು ದೊಡ್ಡದೊಂದು ಕ್ಯಾಂಟೀನಿನ ಅಡುಗೆಯವರು. ಹೊಟ್ಟೆ ಮುಂದೆ, ನಗು ಅದಕ್ಕಿಂತ ಮುಂದೆ. ಬಂದದ್ದು ಸಾಣೆ ಹಿಡಿಸಲು, ದೂರು ಹೇಳಲು ಅಲ್ಲ. ಕೌಂಟರಿನಲ್ಲಿ ಕೂತಿದ್ದ ಅತ್ತಿಗೆಯ ಕೈಗೆ ಚಾಕು ಕೊಡುತ್ತಾ, "ಅಮ್ಮಾ, ನಿಮ್ಮ ಚಾಕುಗೆ ಕಣ್ಣು ಬಂದಿವೆ ನೋಡಿ. ತಗೊಂಡಾಗ ಇರ್ಲಿಲ್ಲ. ಈಗ ನಾನು ಹೆಚ್ಚೋದನ್ನೇ ದಿಟ್ಟಿಸಿ ನೋಡ್ತಿರುತ್ತೆ," ಎಂದರು. ಬಿಳಿ ಕೊರಳಿನ ಮೇಲೆ, ಮಾಸಿದ ಮೈಯಲ್ಲಿ, ಹಳದಿ ಛಾಯೆಯ ಎರಡು ಚುಕ್ಕೆ. ಅಲಂಕಾರಕ್ಕೆ ಹಾಗೆ ಮಾಡಿದ್ದಾರೆ, ಬಳಸುತ್ತಾ ಹೋದಂತೆ ಅರಳುವ ಹಾಗೆ ಏನೋ ಜಾಣತನ ಇದೆ ಎಂದೇ ಅವರು ತಿಳಿದಿದ್ದರು.

ಒಳಗಿನಿಂದ ಬಂದ ಅರದಕ್ಕ ಅದನ್ನು ಕಂಡರು. ಮುಖದ ಬಣ್ಣ ಇಳಿಯಿತು.

ಆ ಚುಕ್ಕೆಗಳು ಮೊಳೆಯ ತಲೆಗಳು. ಕೊರಳನ್ನು, ಹಿಡಿಯೊಳಗೆ ಹೋಗುವ ಅಲಗಿನ ಬಾಲಕ್ಕೆ ಬಿಗಿಯುವುದು ಎರಡು ಮೊಳೆಗಳಿಂದ. ತೂತಿನ ಬಾಯನ್ನು ಸ್ವಲ್ಪ ಅಗಲಿಸಿ, ಮೊಳೆಯನ್ನು ಅಕ್ಕಿಕಾಳಿನಷ್ಟು ಹೊರಗೆ ಬಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಅಲ್ಲಿಯೇ ಹರಡಬೇಕು. ಮೇಲೆ ಅರ ಆಡಿಸಿ, ಉಪ್ಪುಕಾಗದದಲ್ಲಿ ತಿಕ್ಕಿದರೆ ಮೊಳೆ ಎಲ್ಲಿತ್ತೆಂದು ಹಾಕಿದವರಿಗೇ ಗೊತ್ತಾಗಬಾರದು. ಅರದಕ್ಕನ ಮೊಳೆ ನಿನ್ನೆಯವರೆಗೆ ಯಾರ ಕಣ್ಣಿಗೂ ಬಿದ್ದದ್ದಿಲ್ಲ. ಹೋದ ವರ್ಷ ಅಣ್ಣ ಕಾರ್ಖಾನೆಯಲ್ಲಿ ಎರಕ ಹೊಯ್ದ ಸಿದ್ಧ ಕೊರಳುಗಳ ಒಂದು ಡಬ್ಬಿ ತಂದು ಮುಂದಿಟ್ಟು, "ನೀನು ಇನ್ನು ಕೈಗೆ ವಿರಾಮ ಕೊಡು ತಾಯಿ," ಎಂದಾಗ ಇವರು ಡಬ್ಬಿಯ ಮುಚ್ಚಳವನ್ನೂ ತೆರೆಯದೆ ಹೇಳಿದ್ದರು: "ನನ್ನ ಮೊಳೆ ಕಂಡ ದಿನ ನಾನೇ ಅರ ಕೆಳಗಿಡ್ತೀನಿ. ನೀನು ಹೇಳೋದೇ ಬೇಡ."

ನಿನ್ನೆ ಆ ದಿನ ಬಂದುಬಿಟ್ಟಿತು. ಅಣ್ಣ ಆ ಮಾತು ಎತ್ತಲಿಲ್ಲ. ಎತ್ತದೆ ಇದ್ದದ್ದೇ ಇವರಿಗೆ ಇನ್ನಷ್ಟು ಚುಚ್ಚಿದೆ. "ಗಿರಾಕಿಗೇ ಇಷ್ಟವಾಗಿದೆ, ನಿನಗೇನಂತೆ?" ಎಂದು ನಕ್ಕು ಕುಲುಮೆಯ ಕಡೆ ಹೋದರು. ಸಾಣೆಯ ಕೆಲಸ ಬಹಳ ಇದೆ, ಬರುವ ವಾರ ಬನ್ನಿ ಎಂದು ಅತ್ತಿಗೆ ಅಡುಗೆಯವರನ್ನು ಕಳಿಸಿದರು. ಸಾಣೆಗೆ ಅಷ್ಟು ದಿನ ಬೇಡ ಎಂಬುದು ಆ ಮನೆಯ ಮೂವರಿಗೂ ಗೊತ್ತು.

ಅಣ್ಣ-ತಂಗಿಯ ಕೆಲಸದ ಕೋಣೆಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಆಚೆ ಕಡೆ ಕುಲುಮೆ, ಕಬ್ಬಿಣ ಬಡಿಯುವ ಅಡೆಗಲ್ಲು, ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗಳ ರಾಶಿ. ಅಲಗು ಹುಟ್ಟುವುದು ಅಲ್ಲಿ. ಈಚೆ ಕಡೆ ಒಂದು ಬೆಂಚು, ಒಂದು ಕಿಟಕಿ, ಗೋಡೆಗೆ ಹೊಡೆದ ಹಲಗೆಯ ಮೇಲೆ ಉದ್ದಕ್ಕೆ ಮಲಗಿದ ಅರಗಳು. ನಡುವಿನ ಗೋಡೆಯಲ್ಲಿ ಒಂದು ಸಣ್ಣ ಗೂಡು. ಅಲಗು ಆ ಕಡೆಯಿಂದ ಬಂದು ಗೂಡಿನಲ್ಲಿ ಕೂರುತ್ತದೆ, ಕೊರಳು ಕಟ್ಟಿಸಿಕೊಂಡು ಅದೇ ಗೂಡಿನಿಂದ ವಾಪಸ್ಸು ಹೋಗುತ್ತದೆ. ದಿನಕ್ಕೆ ನಾಲ್ಕೋ ಐದೋ. ಒಬ್ಬರ ಮುಖ ಒಬ್ಬರು ನೋಡದೆ ಬೆಳಿಗ್ಗೆಯೆಲ್ಲ ಜಗಳ ಆಡುವುದಕ್ಕೂ ಆ ಗೂಡು ಬಲು ಅನುಕೂಲ.

ಲೋಹದ ಗೆಳೆತನ ಇವರಿಗೆ ಅಪ್ಪನಿಂದ ಬಂದದ್ದು. ಅಪ್ಪ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದರು. ಬ್ಯಾಂಡಿನವರ ಕಹಳೆ, ಕ್ಲಾರಿನೆಟ್ಟು, ಕೊಳಲು. ಬಡಿದು ತಗ್ಗಾದದ್ದು, ಬೆಸುಗೆ ಬಿಟ್ಟದ್ದು, ಕೀಲಿ ಮುರಿದದ್ದು. ಒಂದು ಮೂಲೆಯಲ್ಲಿ ತಾಯಿಯ ಪದ್ಯ, ಇನ್ನೊಂದು ಮೂಲೆಯಲ್ಲಿ ಅಪ್ಪ ಊದಿ ನೋಡುವ ಒಂದೊಂದೇ ಸ್ವರ. ಅಣ್ಣ ಬೆಂಕಿಯ ಕೆಲಸ ಹುಡುಕಿಕೊಂಡು ಲಾರಿ ಗ್ಯಾರೇಜಿಗೆ ಹೋದರು. ತಂಗಿ ಅಪ್ಪನ ಮಗ್ಗುಲಲ್ಲೇ ಕೂತು ಕ್ಲಾರಿನೆಟ್ಟಿನ ಕೀಲಿಗಳನ್ನು ಅರದಿಂದ ತಿದ್ದಿದರು. ಆ ಕೀಲಿಗಳದ್ದೇ ಲೋಹ ಈ ಕೊರಳಿನದ್ದೂ: ಜರ್ಮನ್ ಸಿಲ್ವರ್.

ಹೆಸರಿನಲ್ಲಿ ಬೆಳ್ಳಿ ಇದೆ; ಮೈಯಲ್ಲಿ ಗುಲಗಂಜಿಯಷ್ಟೂ ಇಲ್ಲ. ತಾಮ್ರ, ಸತು, ನಿಕ್ಕಲ್ ಮೂರೂ ಒಂದೇ ಮೂಸೆಯಲ್ಲಿ ಕರಗಿದರೆ ತಾಮ್ರದ ಕೆಂಪು ಎಲ್ಲಿ ಹೋಯಿತೋ ಎಂಬಂತೆ ಮಾಯವಾಗಿ, ಹಾಲಿನ ಕೆನೆಗೆ ಬೂದಿ ಸೋಕಿದಂಥ ಒಂದು ಬಿಳಿ ಉಳಿಯುತ್ತದೆ. ತುಕ್ಕು ಹಿಡಿಯುವುದಿಲ್ಲ, ಬೆಳ್ಳಿಯ ಹಾಗೆ ಸವೆಯುವುದಿಲ್ಲ. ಅರದಕ್ಕನ ಬೆಂಚಿನ ಮೇಲೆ ಬೇರೆ ಲೋಹಗಳೂ ಇವೆ. ಅವುಗಳ ಬಗ್ಗೆ ಕೇಳಿದರೆ ಸಂಬಂಧಿಕರ ಬಗ್ಗೆ ಕೇಳಿದಂತೆ ಕಣ್ಣು ಅರಳುತ್ತದೆ.

"ಹಿತ್ತಾಳೆ ಬಾಯಿಬಡುಕಿ. ಅರ ಮುಟ್ಟಿಸಿದ್ರೆ ಸಾಕು, ಬೀದಿಗೆಲ್ಲ ಕೇಳೋ ಹಾಗೆ ಕಿರುಚುತ್ತೆ. ಆದ್ರೆ ಕೆಲಸಕ್ಕೆ ಒಳ್ಳೇದು. ತಾಮ್ರ ಇದೆಯಲ್ಲ, ಅದಕ್ಕೆ ಅಂಟ್ಕೊಳೋ ಬುದ್ಧಿ. ಅರದ ಹಲ್ಲಿಗೆ ಮೆತ್ಕೊಂಡು ಕೂತುಬಿಡುತ್ತೆ, ಎದ್ದು ಹೋಗು ಅಂದ್ರೂ ಹೋಗಲ್ಲ. ಅದಕ್ಕೇ ಮೊದಲು ಅರಕ್ಕೆ ಸೀಮೆಸುಣ್ಣ ಬಳೀತೀನಿ. ಕಂಚು ನಮ್ಮ ಅಣ್ಣನ ಥರ, ಗಟ್ಟಿ ಮತ್ತೆ ಹಟ."

ಗೂಡಿನ ಆಚೆಯಿಂದ ಸುತ್ತಿಗೆ ಒಂದು ಕ್ಷಣ ನಿಂತು, "ಕೇಳಿಸ್ತು," ಎಂಬ ದನಿ ಬರುತ್ತದೆ.

"ಕೇಳಿಸ್ಲಿ ಅಂತಾನೇ ಹೇಳಿದ್ದು. ಜರ್ಮನ್ ಸಿಲ್ವರ್ ಮಾತ್ರ ಗಂಭೀರ. ಹೇಳಿದ್ದು ಕೇಳುತ್ತೆ. ಆದ್ರೆ ಒಂದೇ ಸಲ ಹೇಳ್ಬೇಕು. ತಪ್ಪು ಹೇಳಿದ್ರೆ ಅದನ್ನೂ ಹಾಗೇ ಇಟ್ಕೊಂಡಿರುತ್ತೆ."

ಅದೇ ಲೋಹ ಈಗ ಅವರಿಗೆ ಒಗ್ಗುತ್ತಿಲ್ಲ. ಎರಡು ವರ್ಷದ ಹಿಂದೆ ಬೆರಳ ಸಂದಿಯಲ್ಲಿ ನವೆ ಶುರುವಾಯಿತು. ಸೋಪು ಬದಲಾಯಿಸಿದರು, ಎಣ್ಣೆ ಸವರಿದರು. ನೀರ್ಗುಳ್ಳೆ ಎದ್ದು, ಒಡೆದು, ಚರ್ಮ ಬಿರಿಯತೊಡಗಿದಾಗ ಅತ್ತಿಗೆ ಕೈ ಹಿಡಿದು ಎಳೆದುಕೊಂಡೇ ಡಾಕ್ಟರ ಬಳಿ ಹೋದರು. ನಿಕ್ಕಲ್ ನಿಮ್ಮ ಮೈಗೆ ಆಗುವುದಿಲ್ಲ ಎಂದರು ಡಾಕ್ಟರು. "ಇಷ್ಟು ವರ್ಷ ಆಗ್ತಿತ್ತಲ್ಲ ಸಾರ್?" ಎಂದು ಇವರು ಕೇಳಿದರೆ, "ಇಷ್ಟು ವರ್ಷ ಮುಟ್ಟಿದ್ದಕ್ಕೇ ಈಗ ಆಗ್ತಿಲ್ಲ," ಎಂದರಂತೆ. ಬರಿಗೈಯಲ್ಲಿ ಮುಟ್ಟಬಾರದು. ಅಷ್ಟೇ ಔಷಧ, ಉಳಿದದ್ದು ಮುಲಾಮು.

"ಗಂಡ ಹೋದಾಗ್ಲೂ ಮಾರನೇ ವಾರ ಬೆಂಚಿಗೆ ಬಂದು ಕೂತಿದ್ದೆ," ಎನ್ನುತ್ತಾರೆ ಅರದಕ್ಕ. "ಆಗ ಕೈ ನನ್ನನ್ನ ಎಬ್ಬಿಸ್ಕೊಂಡು ಬಂತು. ಈಗ ಕೈನೇ ಬೇಡ ಅಂದ್ರೆ ನಾನು ಯಾರನ್ನ ಕರ್ಕೊಂಡು ಬರ್ಲಿ?"

ಹಾಗಾಗಿ ಕೈಗವಸು ಬಂತು. ಬಿಳಿ ಹತ್ತಿಯದು ಒಳಗೆ, ತೆಳು ರಬ್ಬರಿನದು ಮೇಲೆ. "ಆಪರೇಷನ್‌ಗೆ ರೆಡಿನಾ ಡಾಕ್ಟ್ರೇ?" ಎಂದು ಅತ್ತಿಗೆ ದಿನಾ ಬೆಳಿಗ್ಗೆ ಕೇಳುತ್ತಿದ್ದರು. ಕೊರಳಿನ ಕೆಲಸಕ್ಕೆ ಕೈಗವಸು ಹೇಗೋ ಹೊಂದಿತು. ಸಂಕಟ ಬಂದದ್ದು ಮೊಳೆಗೆ.

ಕೈಗವಸು ಬರುವವರೆಗೆ ಅರದಕ್ಕ ಮೊಳೆಗೆ ಅಂಗಡಿಯಲ್ಲಿ ಸಿಗುವ ತಂತಿಯನ್ನು ಎಂದೂ ಬಳಸಿದವರಲ್ಲ. ಯಾವ ತಗಡಿನಿಂದ ಕೊರಳು ಕತ್ತರಿಸುತ್ತಾರೋ ಅದೇ ತಗಡಿನ ಅಂಚಿನಿಂದ ಕಡ್ಡಿ ಸೀಳಿ, ಬೆರಳ ತುದಿಯಲ್ಲಿ ತಿರುಗಿಸುತ್ತಾ ಅರದಿಂದ ದುಂಡಗೆ ಮಾಡಿ ಮೊಳೆ ಮಾಡುತ್ತಾರೆ. ನೋಡುವವರಿಗೆ ಇದು ಇಲ್ಲದ ತಾಪತ್ರಯ. ಆದರೆ ಒಂದು ಮೂಸೆಯ ಜರ್ಮನ್ ಸಿಲ್ವರಿನಲ್ಲಿ ನಿಕ್ಕಲ್ ಚೂರು ಹೆಚ್ಚು, ಇನ್ನೊಂದರಲ್ಲಿ ಸತು ಚೂರು ಹೆಚ್ಚು. ತಿಕ್ಕಿ ಹೊಳಪು ಕೊಟ್ಟ ದಿನ ಯಾವುದೂ ಗೊತ್ತಾಗುವುದಿಲ್ಲ.

"ಉಜ್ಜಿದಾಗ ಎಲ್ಲಾ ಒಂದೇ ಥರ ಅಕ್ಕ-ತಂಗೀರು. ಮಾಸಿದ ಮೇಲೇನೇ ಯಾವ ಮನೆಯವರು ಅಂತ ಗೊತ್ತಾಗೋದು. ಒಂದು ಹಳದಿಗೆ ತಿರುಗುತ್ತೆ, ಒಂದು ನೀಲಿಗೆ. ಅದಕ್ಕೇ ಕೊರಳೂ ಮೊಳೆನೂ ಒಂದೇ ಮನೆಯವ್ರಾಗಿರ್ಬೇಕು."

ಇನ್ನೊಂದು ಪದ್ಧತಿಯೂ ಇತ್ತು. ಮೊಳೆ ಹೊಡೆದು ಮುಗಿಸಿದ ಕೊರಳನ್ನು ಅವರು ಉಪ್ಪುನೀರು ಸವರಿದ ಬರಿಯ ಮುಷ್ಟಿಯಲ್ಲಿ ಹಿಡಿದುಕೊಂಡು ಕೂರುತ್ತಿದ್ದರು. ಅಲಗಿಗೆ ಗ್ರೀಸು ಬಳಿದು ಬಟ್ಟೆ ಸುತ್ತಿ, ಕೊರಳನ್ನಷ್ಟೇ ಅಂಗೈಗೆ ಕೊಟ್ಟು, ಸಂಜೆಯ ಹೊತ್ತು ಅತ್ತಿಗೆಯ ಜೊತೆ ಮಾತಾಡುತ್ತಾ. ಅಂಗೈಯ ಬೆವರು ತಿಂಗಳುಗಳ ಕೆಲಸವನ್ನು ದಿನಗಳಲ್ಲಿ ಮಾಡುತ್ತದೆ, ಲೋಹ ಮಾಸುತ್ತದೆ. ಮಾಸಿದ ಮೇಲೂ ಮೊಳೆ ಕಾಣದಿದ್ದರೆ ಮತ್ತೆ ಹೊಳಪು ಕೊಟ್ಟು ಗೂಡಿಗೆ. ಕೈಗವಸು ಹಾಕಿದ ಮೇಲೆ ಆ ಮುಷ್ಟಿ ಹಿಡಿಯುವುದೂ ನಿಂತಿತು. ರಬ್ಬರಿನ ಬೆರಳಲ್ಲಿ ಕಡ್ಡಿ ತಿರುಗಲೊಲ್ಲದೆ ಒಂದೇ ಒಂದು ಸಲ, ಕೈ ತೀರಾ ಉರಿಯುತ್ತಿದ್ದ ದಿನಗಳಲ್ಲಿ, ಅಂಗಡಿಯ ತಂತಿ ತಂದು ಕೆಲವು ಚಾಕುಗಳಿಗೆ ಹೊಡೆದಿದ್ದರು. ಹೊಳಪಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಮುಷ್ಟಿ ಕೇಳಬಹುದಾಗಿದ್ದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅಡುಗೆಯವರ ಚಾಕು ಆ ಕೆಲವುಗಳಲ್ಲಿ ಒಂದು.

ಈಗ ಬಿಸಿಲು ಬೆಂಚಿನ ಅರ್ಧದವರೆಗೆ ಬಂದಿದೆ. ಕೈಯಲ್ಲಿದ್ದ ಕೆಲಸ ಮುಗಿಸಿ, ಅರದ ಹಲ್ಲುಗಳನ್ನು ತಂತಿಯ ಬ್ರಷ್ಷಿನಿಂದ ಗುಡಿಸಿ, ಅರದಕ್ಕ ಕೊನೆಗೂ ಬಟ್ಟೆ ಬಿಚ್ಚುತ್ತಾರೆ. ಎರಡು ಕಣ್ಣುಗಳು ಅವರನ್ನು ನೋಡುತ್ತವೆ.

ಕಿಟಕಿಯ ಮೇಲೆ ಅಡ್ಡಲಾಗಿ ಒಂದು ತಂತಿ ಕಟ್ಟಿದೆ. ಅದಕ್ಕೆ ಬೆರಳಗಲದ ಲೋಹದ ಪಟ್ಟಿಗಳು ಸಾಲಾಗಿ ನೇತಾಡುತ್ತಿವೆ. ಕೊಂಡ ಪ್ರತಿ ತಗಡಿನಿಂದಲೂ ಒಂದು ಅಂಚು ಕತ್ತರಿಸಿ ಅಲ್ಲಿ ತೂಗುಹಾಕುವುದು ಅವರ ರೂಢಿ. ಗಾಳಿಗೆ, ಧೂಳಿಗೆ, ಕುಲುಮೆಯ ಹೊಗೆಗೆ ಅವೂ ಮಾಸುತ್ತಾ ತಮ್ಮ ನಿಜ ಬಣ್ಣಕ್ಕೆ ಇಳಿದಿವೆ. ಅರದಕ್ಕ ಚಾಕುವಿನ ಕೊರಳನ್ನು, ಅದು ಯಾವ ತಗಡಿನದೆಂದು, ಒಂದೊಂದರ ಪಕ್ಕ ಹಿಡಿದು ನೋಡುತ್ತಾರೆ. ಕೆಲವನ್ನು ಕಣ್ಣು ಹಾಯಿಸಿದ ಕೂಡಲೇ ಬಿಡುತ್ತಾರೆ. ಎರಡು ಪಟ್ಟಿಗಳ ಮುಂದೆ ಮಾತ್ರ ಕೈ ನಿಲ್ಲುತ್ತದೆ. ಅದೋ, ಇದೋ? ಅತ್ತಿಗೆಯನ್ನು ಕರೆಯುತ್ತಾರೆ.

"ನೀವು ನೋಡಿ ಅತ್ತಿಗೆ. ಯಾವುದು?"

ಅತ್ತಿಗೆ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ, "ಸೀರೆ ಆಗಿದ್ರೆ ಹೇಳ್ತಿದ್ದೆ," ಎನ್ನುತ್ತಾರೆ. "ಎರಡೂ ಒಂದೇ ಕಣೆ. ಒಂದೊಂದು ಮೊಳೆಗೆ ಒಂದೊಂದು ಹಾಕು, ಯಾವುದು ಸರಿ ಹೋಗುತ್ತೋ ನೋಡು."

ತಮಾಷೆಗೆ ಹೇಳಿದ್ದು. ಅರದಕ್ಕ ಅದನ್ನೇ ಹಿಡಿಯುತ್ತಾರೆ.

ಹಳೆಯ ಮೊಳೆಗಳನ್ನು ಸಣ್ಣ ಬೈರಿಗೆಯಿಂದ ಕೊರೆದು, ಒಳಗೆ ಉಳಿದ ಸಿಪ್ಪೆಯನ್ನು ತಟ್ಟಿ ಹೊರಗೆ ಹಾಕಲು ಮಧ್ಯಾಹ್ನವೇ ಆಗುತ್ತದೆ. ಬೆಂಕಿ ತೋರಿಸುವಂತಿಲ್ಲ, ಬಿಸಿ ತಾಗಿದರೆ ಅಣ್ಣ ಅಲಗಿಗೆ ಕೊಟ್ಟ ಹದ ಕೆಡುತ್ತದೆ, ಹಿಡಿಯ ಮರವೂ ಸುಡುತ್ತದೆ. ಎಲ್ಲ ತಣ್ಣಗೆ, ತಾಳ್ಮೆಯಿಂದ. ಆಮೇಲೆ ಎರಡು ಪಟ್ಟಿಗಳಿಂದ ಎರಡು ಕಡ್ಡಿ ಸೀಳುತ್ತಾರೆ. ದುಂಡಗೆ ಮಾಡುವ ಹೊತ್ತು ಬಂದಾಗ ಬಾಗಿಲ ಕಡೆ ಒಮ್ಮೆ ನೋಡಿ, ಬಲಗೈಯ ರಬ್ಬರನ್ನೂ ಹತ್ತಿಯನ್ನೂ ಕಳಚಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಬಿರಿದ ಬೆರಳುಗಳ ನಡುವೆ ಕಡ್ಡಿ ತಿರುಗತೊಡಗುತ್ತದೆ. ತುಟಿ ಮತ್ತೆ ಆಡುತ್ತದೆ. ಪದ, ಉಸಿರು. ಪದ, ಉಸಿರು.

ಗೂಡಿನಲ್ಲಿ ಅಣ್ಣನ ಮುಖ ಕಾಣಿಸುತ್ತದೆ. ಆ ಬೆರಳುಗಳನ್ನೇ ಸ್ವಲ್ಪ ಹೊತ್ತು ನೋಡಿ, ಮುಖ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆಚೆ ಕಡೆ ಸುತ್ತಿಗೆಯ ಸದ್ದು ಮಾತ್ರ ಬಹಳ ಹೊತ್ತು ಕೇಳಿಸುವುದಿಲ್ಲ.

ಸಂಜೆ ಮೊಳೆ ಹೊಡೆದಾಯಿತು, ತಿಕ್ಕಿದ್ದಾಯಿತು. ಎರಡೂ ಕಣ್ಣು ಮಾಯ. ಆದರೆ ಇದು ಹೊಳಪಿನ ಮಾತು. ಇದನ್ನು ನಂಬಿಯೇ ಹಿಂದೆ ಕೆಟ್ಟದ್ದು. ಮುಷ್ಟಿ ಬೇಕು. ಅರದಕ್ಕ ಉಪ್ಪುನೀರಿನ ಬಟ್ಟಲು ಎಳೆದುಕೊಳ್ಳುವಷ್ಟರಲ್ಲಿ ಅತ್ತಿಗೆ ಬಂದು ಬಟ್ಟಲನ್ನೇ ಎತ್ತಿಕೊಳ್ಳುತ್ತಾರೆ.

"ನೀನು ಮುಟ್ಟಿದ್ರೆ ನೋಡು. ಮಧ್ಯಾಹ್ನ ಕದ್ದು ಗ್ಲೌಸು ತೆಗೆದಿದ್ದು ಗೊತ್ತಿಲ್ಲ ಅನ್ಕೊಂಡಿದೀಯಾ? ನನ್ನ ಕೈ ಇಲ್ವಾ? ನನಗೆ ಬರೋ ಬೆವರಿಗೆ ಈ ಲೋಹ ಅಲ್ಲ, ಕಬ್ಬಿಣದ ಗೇಟೂ ಮಾಸುತ್ತೆ."

"ನಿಮಗೂ ಗುಳ್ಳೆ ಬಂದ್ರೆ ಅತ್ತಿಗೆ?"

"ಬಂದ್ರೆ ಇಬ್ಬರೂ ಒಟ್ಟಿಗೇ ಡಾಕ್ಟ್ರ ಹತ್ರ ಹೋಗೋಣ. ಹೋದ ಸಲ ಅಲ್ಲಿ ಫ್ಯಾನು ಚೆನ್ನಾಗಿತ್ತು."

ಮಾರನೆಯ ದಿನವೆಲ್ಲ ಅತ್ತಿಗೆ ಕೌಂಟರಿನಲ್ಲಿ ಕೂರುವುದು ಬಲ ಮುಷ್ಟಿಯಲ್ಲಿ ಚಾಕುವಿನ ಕೊರಳು ಹಿಡಿದುಕೊಂಡೇ. ಎಡಗೈಯಲ್ಲಿ ಚಿಲ್ಲರೆ ಕೊಡುತ್ತಾರೆ, ಎಡಗೈಯಲ್ಲಿ ಕಾಫಿ ಕುಡಿಯುತ್ತಾರೆ. ಚೌಕಾಸಿ ಮಾಡಲು ಬಂದ ಒಬ್ಬರು ಬಟ್ಟೆ ಸುತ್ತಿದ ಅಲಗನ್ನೂ ಅತ್ತಿಗೆಯ ಮುಖವನ್ನೂ ನೋಡಿ, ಹೇಳಿದ ಬೆಲೆಗೇ ಒಪ್ಪಿಕೊಂಡು ಹೋಗುತ್ತಾರೆ. "ಇದು ಮೊದಲೇ ಹೊಳೀಲಿಲ್ವಲ್ಲ," ಎಂದು ಅತ್ತಿಗೆ ಒಳಗೆ ಕೂಗಿ ಹೇಳುತ್ತಾರೆ. "ಇನ್ಮೇಲೆ ವ್ಯಾಪಾರ ಹೀಗೇ!"

ಅದರ ಮರುದಿನ ಬೆಳಿಗ್ಗೆ ಮುಷ್ಟಿ ತೆರೆದು, ಒರೆಸಿ, ಕಿಟಕಿಗೆ ಹಿಡಿದರೆ ಒಂದು ಮೊಳೆ ಎಲ್ಲೂ ಇಲ್ಲ. ಇನ್ನೊಂದು ಮಾತ್ರ ಮಸುಕಾಗಿ, ನಿದ್ದೆಗಣ್ಣು ತೆರೆದ ಹಾಗೆ.

"ಅಯ್ಯೋ, ನಮ್ಮ ಚಾಕು ಕಣ್ಣು ಹೊಡೀತಿದೆ ನೋಡೇ!" ಎಂದು ಅತ್ತಿಗೆ ಬಿದ್ದು ಬಿದ್ದು ನಗುತ್ತಾರೆ. ಅರದಕ್ಕನಿಗೂ ನಗು ತಡೆಯಲಾಗುವುದಿಲ್ಲ. ಚಾಕು ವಾಪಸ್ಸು ಬಂದ ಮೇಲೆ ಅವರು ನಕ್ಕದ್ದು ಇದೇ ಮೊದಲು. ಯಾವ ಪಟ್ಟಿ ಸ್ವಂತದ್ದು ಎಂದು ಈಗ ಗೊತ್ತಾಯಿತಲ್ಲ. ಇನ್ನು ಒಂದೇ ಮೊಳೆ ಬದಲಾಯಿಸಿದರೆ ಸಾಕು.

ಮತ್ತೆ ಕೊರೆಯುವುದು, ಮತ್ತೆ ತಟ್ಟುವುದು. ಕಡ್ಡಿಗೆಂದು ಕೈಗವಸು ಕಳಚಲು ಹೋದಾಗ ಗೂಡಿನಿಂದ ಒಂದು ಕೈ ಈಚೆ ಬರುತ್ತದೆ. ಕೈಯಲ್ಲಿ ಮರದ ಒಂದು ಸಾಧನ. ಹಿಡಿ ಮಾಡಿ ಉಳಿದ ಮರದಿಂದ ಕೆತ್ತಿದ್ದು. ಗೇಣಿಗಿಂತ ಚಿಕ್ಕದು, ತುದಿಯಲ್ಲಿ ಸೀಳು, ಸೀಳಿನ ಮೇಲೆ ಜಾರುವ ಒಂದು ಹಿತ್ತಾಳೆಯ ಉಂಗುರ. ಕಡ್ಡಿಯನ್ನು ಸೀಳಿಗೆ ಇಟ್ಟು ಉಂಗುರ ಜಾರಿಸಿದರೆ ಕಚ್ಚಿ ಹಿಡಿಯುತ್ತದೆ. ದಪ್ಪ ಹಿಡಿ, ರಬ್ಬರಿನ ಬೆರಳಿನಲ್ಲೂ ಸಲೀಸಾಗಿ ತಿರುಗುತ್ತದೆ. ಮೊನ್ನೆ ಸುತ್ತಿಗೆಯ ಸದ್ದು ನಿಂತದ್ದು ಯಾಕೆಂದು ಆಗ ತಿಳಿಯುತ್ತದೆ.

ಅರದಕ್ಕ ಅದನ್ನು ತಿರುಗಿಸಿ ನೋಡುತ್ತಾರೆ. ಉಂಗುರದ ಬೆಸುಗೆ ಒಂದು ಕಡೆ ಉಬ್ಬಿಕೊಂಡಿದೆ.

"ಬೆಸುಗೆ ಯಾರು ಹಾಕಿದ್ದು? ಗ್ಯಾರೇಜಿನವರಾ?"

"ಬೇಡಾಂದ್ರೆ ವಾಪಸ್ ಕೊಡು."

"ಕೊಡಲ್ಲ," ಎನ್ನುತ್ತಾರೆ ಇವರು, ಆಗಲೇ ಕಡ್ಡಿ ಕಚ್ಚಿಸುತ್ತಾ. ಆಮೇಲೆ ಆಚೆಯಿಂದ ಮೆಲ್ಲಗೆ: "ಆ ಡಬ್ಬಿ ಹಿಂದಕ್ಕೆ ಕಳಿಸ್ದೆ. ಎರಕದ್ದು. ಜಾಗ ತಿಂತಿತ್ತು."

ಅರದಕ್ಕನ ಪದ್ಯದ ದನಿ ಒಂದು ಎಳೆ ಏರುತ್ತದೆ.

ಹೇಳಿದ ದಿನಕ್ಕೆ ಅಡುಗೆಯವರು ಬರುತ್ತಾರೆ. ಈ ಸಲ ಚಾಕುವನ್ನು ಹೊಳಪು ಕೊಡದೆ, ಅತ್ತಿಗೆಯ ಮುಷ್ಟಿ ಮತ್ತೊಮ್ಮೆ ಮಾಸಿಸಿದ ಬಣ್ಣದಲ್ಲೇ ಇಟ್ಟಿದ್ದಾರೆ. ಅಡುಗೆಯವರು ಅಲಗಿನ ಹರಿತವನ್ನು ಉಗುರಿನ ಮೇಲೆ ಪರೀಕ್ಷಿಸಿ ತಲೆದೂಗುತ್ತಾರೆ. ಆಮೇಲೆ ಕೊರಳು ನೋಡಿ, ತಿರುಗಿಸಿ ನೋಡಿ, ಬಾಗಿಲ ಬೆಳಕಿಗೆ ಹೋಗಿ ನೋಡಿ, ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ.

"ಅಕ್ಕಾ, ಕಣ್ಣು ಎಲ್ಲಿ ಹೋದ್ವು? ಅಡುಗೆಮನೇಲಿ ಎಲ್ಲರಿಗೂ ತೋರಿಸಿದ್ದೆ ನಾನು!"

"ಅಲ್ಲೇ ಇವೆ. ಹುಡುಕಿ."

ಅವರು ಹುಡುಕುತ್ತಾರೆ. ಹೆಬ್ಬೆರಳು ಉಜ್ಜಿ, ಕಣ್ಣು ಕಿರಿದು ಮಾಡಿ, ಉಸಿರು ಊದಿ ಹುಡುಕುತ್ತಾರೆ. ಅರದಕ್ಕ ಗೋಡೆಗೆ ಒರಗಿ ನಿಂತು ಆ ಹೆಬ್ಬೆರಳು ಹೋಗುವ ದಾರಿಯನ್ನೇ ನೋಡುತ್ತಿದ್ದಾರೆ. ಅದು ಒಂದು ಮೊಳೆಯ ಮೇಲೆ ಹಾದು ಹೋಗುತ್ತದೆ, ಇನ್ನೊಂದರ ಮೇಲೂ ಹಾದು ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ.

"ಸಿಗಲಿಲ್ಲ ಬಿಡಿ," ಎಂದು ಸೋಲೊಪ್ಪಿಕೊಂಡು, ಸಾಣೆಯ ದುಡ್ಡಷ್ಟೇ ಕೊಟ್ಟು, ಚಾಕುವನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ.

ಅಂದು ಕೆಲಸ ಮುಗಿಸಿ ಮೂವರೂ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಅತ್ತಿಗೆ ತಮ್ಮ ಬಲ ಅಂಗೈಯನ್ನು ಬೀದಿದೀಪಕ್ಕೆ ಹಿಡಿದು ನೋಡಿಕೊಳ್ಳುತ್ತಾರೆ, ಗುಳ್ಳೆ ಬಂದಿಲ್ಲ. ಇನ್ನು ಮುಂದೆ ಮುಷ್ಟಿಯ ಕೆಲಸ ಅವರದೇ ಎಂದು ತೀರ್ಮಾನವಾಗಿದೆ. ಅರದಕ್ಕನ ಬೆರಳುಗಳಿಗೆ ಮುಲಾಮು ಬಿದ್ದಿದೆ. ಅವರಿಗೆ ಒಂದು ಆಸೆ ಇದೆಯೇ ಎಂದು ಕೇಳಿದರೆ ಬೀದಿಯ ಕಡೆ ಕೈ ತೋರಿಸುತ್ತಾರೆ.

"ತಂತಿ ಮೊಳೆ ಹೊಡೆದ ಚಾಕುಗಳು ಇನ್ನೂ ಕೆಲವು ಹೊರಗಿವೆ. ಯಾರ ಮನೇಲೋ, ಯಾವ ಹೋಟ್ಲಲ್ಲೋ. ಈಗ ಅವಕ್ಕೂ ಕಣ್ಣು ಬಂದಿರುತ್ತೆ. ಒಂದ್ಸಲ ಸಾಣೆಗಾದ್ರೂ ಬಂದ್ರೆ ಸಾಕು. ಮುಚ್ಚಿ ಕಳಿಸ್ತೀನಿ."

"ಸಾಣೆಗೆ ಬರ್ಬೇಕಾದ್ರೆ ಅಲಗು ಮೊಂಡಾಗ್ಬೇಕು," ಎನ್ನುತ್ತಾರೆ ಅಣ್ಣ, ಮೀಸೆ ತಿರುವುತ್ತಾ. "ಆ ಅಡುಗೆಯವರು ದಿನಕ್ಕೆ ಮೂಟೆಗಟ್ಟಲೆ ಹೆಚ್ತಾರೆ, ಅದಕ್ಕೆ ಬಂದ್ರು. ಬೇರೆ ಮನೆಗಳಲ್ಲಿ ನನ್ನ ಅಲಗು ಅಷ್ಟು ಸುಲಭಕ್ಕೆ ಮೊಂಡಾಗಲ್ಲಮ್ಮ. ಎಷ್ಟು ವರ್ಷ ಆಗುತ್ತೋ."

ಅರದಕ್ಕ ಅಣ್ಣನನ್ನು ನೋಡುತ್ತಾರೆ. ಮಡಿಲಿನಲ್ಲಿದ್ದ ಕೈಗವಸುಗಳನ್ನು ಜೋಡಿ ಮಾಡಿ, ನಾಳೆಗೆಂದು ಮಡಚಿಡುತ್ತಾರೆ.

"ಆಗ್ಲಿ ಬಿಡು," ಎನ್ನುತ್ತಾರೆ. "ಅವು ಬರೋವರೆಗೂ ಅರ ಕೆಳಗಿಡೋ ಹಾಗಿಲ್ಲ."